ಗೋಪುರದಕ್ಕ ನುಂಗಿದ ಮಾತು

ಮುತ್ತಜ್ಜ ಒದ್ದೆ ಗೋಣಿಚೀಲ ಹಿಡಿದು ಬೆಂಕಿಯನ್ನು ಬಡಿದು ಕೊಂದವನು. ಅವನ ಮಗ, ಬೆಂಕಿ ದಾಟದಿರಲೆಂದು ಗುಡ್ಡದ ನೆತ್ತಿಯಿಂದ ಹೊಳೆಯವರೆಗೆ ಗಿಡಗಂಟಿ ಸವರಿ ಬೋಳು ದಾರಿ ಮಾಡಿದವನು. ಆದರೆ ಅವನೇ ಒಮ್ಮೆ, ಬರೀ ಹುಲ್ಲು ಹೊತ್ತಿದ್ದಕ್ಕೆ "ಕಾಡ್ಗಿಚ್ಚು!" ಎಂದು ಕೂಗಿಬಿಟ್ಟ. ಊರು ಎದ್ದೆನೋ ಬಿದ್ದೆನೋ ಎಂದು ಓಡಿತು. ಸೇತುವೆಯ ನೂಕುನುಗ್ಗಲಿನಲ್ಲಿ ಅವನ ತಂಗಿಯೇ ತುಳಿತಕ್ಕೆ ಸಿಕ್ಕಿ ಸತ್ತಳು. ಅಂದಿನಿಂದ ಆ ಮನೆಯಲ್ಲೊಂದು ಕಟ್ಟಳೆ: ಉರಿ ಮರದ ತಲೆಗೆ ಹತ್ತುವ ತನಕ ಆ ಮಾತು ಆಡಕೂಡದು. ಅಲ್ಲಿಯವರೆಗೆ ಅದು ಬರೀ ಬೆಂಕಿ.

ಹಾಗೆ ಕೂಗಿದವನ ಮಗ ಕಾಡಿನ ಕಾವಲು ಗೋಪುರದಲ್ಲಿ ಕೂದಲು ನರೆಯುವವರೆಗೂ ಕೂತು ಆ ಕಟ್ಟಳೆ ಕಾಯ್ದ. ಅವನ ಜಾಗಕ್ಕೆ ಮಗಳು ಬಂದಳು. ಎಲ್ಲರ ಬಾಯಲ್ಲೂ ಅವಳು ಗೋಪುರದಕ್ಕ.

ಊರವರಿಗೋ ಆ ಮಾತು ಬಲು ಅಗ್ಗ. ಯಾರ ಮನೆಯ ಜಗಳವಾದರೂ "ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು" ಎನ್ನುವರು. ಗೋಪುರದಕ್ಕ ಸಿಡುಕುವಳು: "ಸುದ್ದಿ ಹಬ್ಬಿದ್ರೆ ಯಾರ ಚರ್ಮ ಸುಡುತ್ತೆ?"

ಆ ಮಧ್ಯಾಹ್ನ ಇಳಿಜಾರಿನಲ್ಲಿ ಹೊಗೆ ಎದ್ದಿತು. ಕೆಳಗೆ ಅವಳ ತಮ್ಮ ತನ್ನ ಆಳುಗಳೊಂದಿಗೆ ಅಜ್ಜನ ಬೋಳು ದಾರಿಯಲ್ಲಿ ಗಿಡ ಸವರುತ್ತಿದ್ದ. ಮೇಲಿಂದ ಅವಳು ಆ ಒಂದು ಮಾತು ಹೇಳಿದರೆ ಅವರು ಕತ್ತಿ ಬಿಸಾಡಿ ಓಡಬೇಕು, ಹೇಳದಿದ್ದರೆ ನಿಲ್ಲಬೇಕು. ಕೆಲಸದ ನಿಯಮ ಅದು.

"ಏನಕ್ಕ, ಹೊಗೆ ದಪ್ಪ ಆಗ್ತಿದೆಯಲ್ಲ?" ಎಂದು ತಮ್ಮ ಫೋನಿನಲ್ಲಿ ಕೇಳಿದ.

"ನೆಲದ ಬೆಂಕಿ ಕಣೋ. ಇನ್ನೂ ಮರ ಹತ್ತಿಲ್ಲ."

"ಆ ಮಾತನ್ನೇನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀಯಾ?" ಎಂದು ನಕ್ಕ. "ಆಯ್ತು ಬಿಡು, ನೀನು ಹೇಳೋವರೆಗೂ ಇಲ್ಲೇ ಇರ್ತೀವಿ."

ಅವಳು ಮರಗಳ ತಲೆಯನ್ನೇ ನೋಡುತ್ತ ಕೂತಳು. ಗಾಳಿ ಗಕ್ಕನೆ ತಿರುಗಿತು. ನೆಲದ ಉರಿ ಒಂದೇ ಉಸಿರಿಗೆ ತುದಿಗೇರಿ, ಮರದಿಂದ ಮರಕ್ಕೆ ಹಾರಿತು. "ಕಾಡ್ಗಿಚ್ಚು! ಓಡ್ರೋ!" ಎಂದು ಫೋನಿನಲ್ಲಿ ಗಂಟಲು ಹರಿಯುವಂತೆ ಕೂಗಿದಳು. ಆಳುಗಳು ಓಡಿ ಹೊಳೆಗೆ ಬಿದ್ದು ಬದುಕಿದರು. ಅವರನ್ನು ಮುಂದೆ ಬಿಟ್ಟು ಹಿಂದೆ ಉಳಿದ ತಮ್ಮ ಬರಲಿಲ್ಲ.

ಬೂದಿ ತಣ್ಣಗಾದ ಮೇಲೂ ಅವಳು ಗೋಪುರ ಬಿಟ್ಟು ಇಳಿಯಲಿಲ್ಲ. ಹೊಗೆ ತಿಂದ ಕಣ್ಣು ಮಂಜಾಗಿತ್ತು. ತಮ್ಮನ ಹೆಂಡತಿಯೇ ಮೇಲೆ ಹತ್ತಿ ಬಂದು ಅವಳ ರಟ್ಟೆ ಹಿಡಿದಳು.

"ಅತ್ತಿಗೆ, ಇಳೀರಿ. ನಮ್ಮನೇಲೇ ಇರಿ, ನಾನು ನೋಡ್ಕೋತೀನಿ. ನಿಮ್ಮನ್ನ ಯಾರೂ ಏನೂ ಅಂದಿಲ್ಲ."

"ಅದಕ್ಕೇ ನಿಮ್ಮನೆಗೆ ಬರಲ್ಲ ಕಣೇ. ನೀನು ಒಂದೇ ಒಂದು ಸಲ ಬೈದಿದ್ರೂ ಬರ್ತಿದ್ದೆ. ಕೈ ಬಿಡು ತಾಯಿ. ಮೆಟ್ಟಿಲು ನಾನೇ ತಡಕಾಡ್ಕೊಂಡು ಇಳೀತೀನಿ."