ಕೆಂಪು ಬೊಟ್ಟಿನ ಸೆನ್ಸಾರ್

ನಮ್ಮ ಕ್ಯಾಂಟೀನಿನ ಪಾತ್ರೆಗಳಿಗೆಲ್ಲ ಕೆಂಪು ನೇಲ್ ಪಾಲಿಶಿನ ಒಂದು ಬೊಟ್ಟು ಇರುತ್ತಿತ್ತು. ನಮ್ಮ ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಿಗೆ ಊಟ ಕಳಿಸಿದರೆ ನಾಲ್ಕಾರು ಕಡೆಯ ಪಾತ್ರೆ ಒಂದೇ ಮೂಲೆಯಲ್ಲಿ ಬೀಳುತ್ತವೆ. ಗುರುತಿಲ್ಲದಿದ್ದರೆ ನಮ್ಮದು ಹೋಗಿ ಯಾರದೋ ತೂತು ಡಬರಿ ಮನೆಗೆ ಬರುತ್ತದೆ. ನಾನು ಓದಿದ್ದು ನಾಲ್ಕನೆಯ ಕ್ಲಾಸು, ಹೆಸರು ಬರೆಯುವುದಕ್ಕಿಂತ ಬೊಟ್ಟು ಇಡುವುದು ಸುಲಭ. ಮೊಮ್ಮಗಳ ಬಾಟಲಿ ಕದ್ದು ಮಿಕ್ಸರಿಗೂ ಇಟ್ಟೆ, ಗ್ಯಾಸಿನ ರೆಗ್ಯುಲೇಟರಿಗೂ ಇಟ್ಟೆ.

ಕಾರಿನ ಸೆನ್ಸಾರಿಗೂ ಇಟ್ಟೆ. ಅದು ಎರಡು ಸಾವಿರದ ಹತ್ತು ದಾಟಿದ ಮೇಲಿನ ಮಾತು. ಊಟ ಸಾಗಿಸಲೆಂದು ತೆಗೆದುಕೊಂಡ ಡೀಸೆಲ್ ಕಾರು ನಮ್ಮದು. ಒಂದು ದಿನ ಸ್ಟೇರಿಂಗಿನ ಎದುರು ಹಳದಿ ದೀಪ ಹತ್ತಿತು. ಪಕ್ಕದ ಕಳವಾ ಎಂಬ ಊರಿನಲ್ಲಿ ಗ್ಯಾರೇಜು ಇಟ್ಟಿದ್ದ ನನ್ನ ತಮ್ಮ ನೋಡಿ, ಹೊಗೆ ಅಳೆಯುವ ಸೆನ್ಸಾರ್ ಹೋಗಿದೆ ಎಂದು ಹೊಸದು ತರಿಸಿದ. ಉದ್ದ ವಯರು, ತುದಿಯಲ್ಲಿ ಪ್ಲಾಸ್ಟಿಕ್ಕಿನ ಕನೆಕ್ಟರ್. ಹೊಸ ವಸ್ತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕನೆಕ್ಟರಿಗೆ ಒಂದು ಬೊಟ್ಟು ಇಟ್ಟೆ.

"ಎಂಥ ಅಕ್ಕಾ, ಇದು ಇಡ್ಲಿ ತಟ್ಟೆಯಾ? ಮದುವೆ ಮನೆಗೆ ಕಳಿಸ್ಲಿಕ್ಕುಂಟಾ?" ಎಂದು ತಮ್ಮ ನಕ್ಕ.

ಈ ತಮ್ಮನನ್ನು ಊರಿನಿಂದ ಕರೆಸಿದವಳು ನಾನು. ನಮ್ಮ ಒಂದೇ ಕೋಣೆಯಲ್ಲಿ ಎರಡು ವರ್ಷ ಜಾಗ ಕೊಟ್ಟು ಕೆಲಸ ಕಲಿಸಿದೆ. ಅವನ ಗ್ಯಾರೇಜಿನ ಬಾಗಿಲಲ್ಲಿ ಕಾಯಿ ಒಡೆದವಳೂ ನಾನೇ.

ಯಜಮಾನರಿಗೆ ಮೊಣಕಾಲು ಹಿಡಿದ ಮೇಲೆ ಕ್ಯಾಂಟೀನು ಬಿಟ್ಟೆವು, ಕಾರನ್ನೂ ಮಾರುವುದೆಂದಾಯಿತು. ಕೇಳಿಕೊಂಡು ಬಂದವಳು ನಮ್ಮಲ್ಲೇ ಹನ್ನೊಂದು ವರ್ಷ ಚಪಾತಿ ಲಟ್ಟಿಸಿದ ಬಿಜಾಪುರದ ಕಡೆಯ ಹೆಂಗಸು. ಆಗ ಅವಳೂ ಅವಳ ಗಂಡನೂ ನೆರೂಳದಲ್ಲಿ ಆಫೀಸುಗಳಿಗೆ ಊಟದ ಡಬ್ಬಿ ಕೊಡುತ್ತಿದ್ದರು. ಅಷ್ಟರಲ್ಲಿ ಹಳದಿ ದೀಪ ಮತ್ತೆ ಹತ್ತಿತ್ತು. ಸೆನ್ಸಾರ್ ಬದಲಿಸದೆ ಅವಳಿಗೆ ಕೊಡುವುದಿಲ್ಲ ಎಂದು ನಾನು ಹಟ ಹಿಡಿದೆ. ಯಜಮಾನರು ಕಾರನ್ನು ಕಳವಾಕ್ಕೆ ಬಿಟ್ಟುಬಂದರು. ಮರುದಿನ ದೀಪ ಇರಲಿಲ್ಲ. ಬದಲಿಸಿದ ಹಳೆಯ ಸಾಮಾನು ಕೇಳಿ ಪಡೆಯುವುದು ನನ್ನ ರೂಢಿ. ತಮ್ಮ ಅದನ್ನೂ ಪೇಪರಿನಲ್ಲಿ ಸುತ್ತಿ ಕಳಿಸಿದ್ದ. ಬೇರೆಯವರಾಗಿದ್ದರೆ ಬಿಚ್ಚಿ ನೋಡುತ್ತಿದ್ದೆ. ತಮ್ಮ ಕೊಟ್ಟದ್ದೆಂದು ಹಾಗೇ ಅಟ್ಟಕ್ಕೆ ಎಸೆದೆ.

ಕಾರು ಒಯ್ಯಲು ಬಂದ ದಿನ ಅವಳು ಯಾವ ಮೆಕ್ಯಾನಿಕ್ಕನ್ನೂ ಕರೆತರಲಿಲ್ಲ, ನನ್ನನ್ನೇ ಕೇಳಿದಳು. ಹೊಸ ಸೆನ್ಸಾರ್ ಹಾಕಿಸಿದ್ದೇನೆ, ನಂಬಿ ಓಡಿಸು ಎಂದೆ. ಯಜಮಾನರು ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದರು.

ಐದನೆಯ ದಿನ ಅವಳ ಫೋನು ಬಂತು. ದೀಪ ಹತ್ತಿದೆ, ಫ್ಲೈಓವರ್ ಏರುವಾಗ ಕಾರು ಎಳೆಯುತ್ತಿಲ್ಲ, ಡಬ್ಬಿಗಳನ್ನೆಲ್ಲ ರಿಕ್ಷಾಕ್ಕೆ ಹಾಕಿ ಕಳಿಸಿದ್ದಾಳೆ. ಬಯ್ದಿದ್ದರೆ ಚೆನ್ನಾಗಿತ್ತು.

"ನೀವು ಅಂದ್ರಿ ಅಂತ ತಗೊಂಡೀನ್ರಿ ಅಕ್ಕಾರ" ಎಂದಳು, ಅಷ್ಟೆ.

ಸ್ಟೂಲು ಹತ್ತಿ ಪೊಟ್ಟಣ ಇಳಿಸಿದೆ. ಒಳಗೆ ಮಸಿ ಹಿಡಿದ ಸೆನ್ಸಾರೇ ಇತ್ತು. ಕನೆಕ್ಟರನ್ನು ಸೆರಗಿನಲ್ಲಿ ಒರೆಸಿದೆ, ಸೋಪು ಹಾಕಿ ತಿಕ್ಕಿದೆ. ಬೊಟ್ಟು ಇಲ್ಲ. ಯಾರದೋ ಕಾರಿನದು.

ಠಾಣೆಯಿಂದ ಟ್ರೇನ್ ಹಿಡಿದು ನೆರೂಳಕ್ಕೆ ಹೋದೆ. ಅಲ್ಲಿಯ ಮೆಕ್ಯಾನಿಕ್ಕು ಬಾನೆಟ್ ಎತ್ತಿ ಟಾರ್ಚು ಬಿಟ್ಟ. ನನ್ನ ಕೆಂಪು ಬೊಟ್ಟು ಎಲ್ಲಿತ್ತೋ ಅಲ್ಲೇ ಕೂತಿತ್ತು. ಸೆನ್ಸಾರ್ ಮುಟ್ಟೇ ಇಲ್ಲ, ಮಿಷನ್ ಜೋಡಿಸಿ ದೀಪ ಮಾತ್ರ ಆರಿಸಿದ್ದಾರೆ, ನಾಲ್ಕು ದಿನ ಓಡಿದರೆ ತಾನಾಗಿಯೇ ಹತ್ತುತ್ತದೆ ಎಂದ. ಹೊಸದು ತರಿಸಲು ಹೇಳಿ ನೇರ ಕಳವಾಕ್ಕೆ ಬಂದೆ.

ತಮ್ಮ ಸುಳ್ಳು ಹೇಳಲಿಲ್ಲ. ಕೈ ಒರೆಸಿಕೊಳ್ಳುತ್ತಾ, "ಮಾರುವ ಗಾಡಿಗೆ ಹೊಸ ಸೆನ್ಸಾರ್ ಯಾರು ಹಾಕ್ತಾರೆ ಅಕ್ಕಾ? ಬಾವನೇ ಹೇಳಿದ್ದು" ಎಂದ.

"ನನಗೆ ಯಾಕೆ ಹೇಳ್ಲಿಲ್ಲ?"

"ನಿನಗೆ ಗೊತ್ತಿದ್ರೆ ಅವಳಿಗೆ ಸುಳ್ಳು ಹೇಳ್ತಿದ್ದಿಯಾ? ನೀನು ಹೇಳಿದ್ರೆ ಮಾತ್ರ ಅವಳು ನಂಬೂದು ಅಂತ ಬಾವನಿಗೆ ಗೊತ್ತುಂಟು."

ದೀಪದ ಹಾಗೆ ನನ್ನ ಬಾಯಿಯನ್ನೂ ತಮಗೆ ಬೇಕಾದಂತೆ ಮಾಡಿಕೊಂಡಿದ್ದರು ಇಬ್ಬರೂ. ಅವನು ಚಹಾ ತರಿಸಿದ. ಕುಡಿಯದೆ ಎದ್ದೆ.

ಎರಡು ದಿನ ಬಿಟ್ಟು ಮತ್ತೆ ನೆರೂಳಕ್ಕೆ ಹೋಗಿ, ಹೊಸ ಸೆನ್ಸಾರ್ ಕೂರಿಸುವ ತನಕ ಕಾರಿನ ಪಕ್ಕದಲ್ಲೇ ನಿಂತೆ. ಬೊಟ್ಟು ಇಡಲಿಲ್ಲ, ಅದು ಇನ್ನು ಅವಳ ಕಾರು. ಕಣ್ಣಾರೆ ನೋಡಿದ್ದೇನೆ, ಈಗ ಸರಿಯಾಗಿದೆ ಎಂದೆ.

"ಆಗ್ಲಿರಿ ಅಕ್ಕಾರ. ಬ್ಯಾರೆ ಕಡೆನೂ ಒಮ್ಮೆ ತೋರಸ್ತೀನ್ರಿ" ಎಂದಳು, ನೆಲ ನೋಡುತ್ತಾ.

ತಪ್ಪೇನೂ ಹೇಳಲಿಲ್ಲ ಅವಳು. ನಾನಾದರೂ ಹಾಗೇ ಹೇಳುತ್ತಿದ್ದೆ. ಹನ್ನೊಂದು ವರ್ಷ ನನ್ನ ಒಂದು ಮಾತನ್ನೂ ಅವಳು ಎರಡನೆಯವರ ಹತ್ತಿರ ಕೇಳಿ ನೋಡಿದ್ದಿಲ್ಲ.

ಬಿಚ್ಚಿದ ಸೆನ್ಸಾರನ್ನು ಮನೆಗೆ ತಂದು, ಬೊಟ್ಟು ಮೇಲೆ ಕಾಣುವ ಹಾಗೆ ಯಜಮಾನರ ತಟ್ಟೆಯ ಪಕ್ಕ ಇಟ್ಟೆ. ಅವರು ಅದನ್ನು ಆಚೆ ಸರಿಸಿ ಉಪ್ಪಿನಕಾಯಿ ಕೇಳಿದರು. ಬಡಿಸಿದೆ. ಹಬ್ಬಕ್ಕೆ ತಮ್ಮ ಬಂದರೆ ಅವನಿಗೂ ಬಡಿಸುತ್ತೇನೆ. ಅವರಿಬ್ಬರ ಪರವಾಗಿ ಯಾರಿಗೂ ಒಂದು ಮಾತು ಹೇಳುವುದನ್ನು ಮಾತ್ರ ಆ ದಿನದಿಂದ ಬಿಟ್ಟಿದ್ದೇನೆ.