ಬಾಗಿಗೆ ಮೂರು ಮಕ್ಕಳು

ಲೂರ್ಡ್ಸ್ ಬಾಯಿ ಮಂಗಳೂರಿನ ಬಂದರಿನಲ್ಲಿ ಮೂವತ್ತು ವರ್ಷ ಹರಿದ ಗೋಣಿಚೀಲ ಹೊಲಿದರು. ಒಂದು ಉದ್ದ ಸೂಜಿ, ಸೆಣಬಿನ ದಾರದ ಉಂಡೆ, ಕುಳಿತುಕೊಳ್ಳಲು ಹಲಸಿನ ಮಣೆ. ಗೋದಾಮಿನ ಹಿಂಬದಿಯ ಇಳಿಮಾಡು ಅವರ ಜಾಗ. ಗಂಡ ಮದುವೆಯಾದ ಆರನೆಯ ವರ್ಷ ಜ್ವರದಲ್ಲಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಆದರೂ ಅವರು ಒಬ್ಬರೇ ಕುಳಿತದ್ದನ್ನು ಬಂದರಿನಲ್ಲಿ ಯಾರೂ ಕಂಡಿರಲಿಲ್ಲ.

ಬೆಳಿಗ್ಗೆ ಗಂಜಿಯ ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಸೊಟ್ಟ ಕಾಲಿನ ಕಾಗೆಯೊಂದು ಬರುತ್ತಿತ್ತು. ಅದರ ಪಾಲು ತಡವಾದರೆ ದಾರದ ಉಂಡೆ ಅಂಗಳ ಸೇರುತ್ತಿತ್ತು. ಪಕ್ಕದ ಓಣಿಯ ಮೈಮೂನಾಳ ಆಡಿಗೆ ಹೊಸ ಹೊಲಿಗೆಯೆಂದರೆ ಪ್ರಾಣ. ಗೋಣಿಯನ್ನು ಬಿಟ್ಟು ದಾರವನ್ನಷ್ಟೇ ಬಿಡಿಸಿ ತಿನ್ನುತ್ತಿತ್ತು.

"ನಿನ್ನ ಆಡಿಗೆ ಮೇವು ಹಾಕುವುದಿಲ್ಲವಾ ಮೈಮೂನಾ?" ಎಂದು ಲೂರ್ಡ್ಸ್ ಬಾಯಿ ಕೂಗುತ್ತಿದ್ದರು.

"ಹಾಕ್ತೇನೆ ಬಾಯಮ್ಮ. ಮೇವಿನಲ್ಲಿ ನಿಮ್ಮ ಕೈರುಚಿ ಇಲ್ಲವಂತೆ!"

ಇವೆಲ್ಲ ಬಂದು ಹೋಗುವ ಗಿರಾಕಿಗಳು. ಕಾಯಂ ಇದ್ದವಳು ಬಾಗಿ. ಬೂದು ಬಣ್ಣದ ಬೆಕ್ಕು, ಬಾಲದ ತುದಿ ಮಾತ್ರ ಸುಣ್ಣದಲ್ಲಿ ಅದ್ದಿದಂತೆ ಬಿಳಿ. ಗೋದಾಮಿನ ಇಲಿಗಳು ಅವಳ ಹೊಣೆ. ಬಂಗುಡೆಯ ತಲೆ ಅವಳ ಸಂಬಳ. ಜ್ಞಾನಸ್ನಾನದಲ್ಲಿ ಮನುಷ್ಯರಿಗೆ ಇಡುವ ಸಂತರ ಹೆಸರನ್ನು ಪ್ರಾಣಿಗಳಿಗೆ ಇಡಬಾರದು ಎಂದು ಲೂರ್ಡ್ಸ್ ಬಾಯಿಯ ತಾಯಿ ಕಲಿಸಿದ್ದರು. ಆದ್ದರಿಂದ ತೆರೆಸಾ, ಮಗ್ದಲೀನ್ ಎಲ್ಲ ಬಿಟ್ಟು, ತುಳು ಮಾತಾಡುವ ಹಮಾಲರ ಕಡೆಯಿಂದ ಒಂದು ಹೆಸರನ್ನು ತೆಗೆದುಕೊಂಡರು. ತುಳುನಾಡಿನಲ್ಲಿ ಮನೆಗೊಬ್ಬಳು ಬಾಗಿ ಇದ್ದ ಕಾಲ ಅದು. ಭಾನುವಾರದ ಪ್ರಾರ್ಥನೆ ಮುಗಿಸಿ ಇಗರ್ಜಿಯಿಂದ ಹೊರಡುವಾಗ ಅವರು "ಬಾಗಿ ಹಸಿದಿರ್ತಾಳೆ, ಹೋಗಬೇಕು" ಎನ್ನುವುದನ್ನು ಕೇಳಿದವರು, ಲೂರ್ಡ್ಸ್ ಬಾಯಿ ಕೆಲಸಕ್ಕೆ ಒಂದು ಹುಡುಗಿಯನ್ನು ಇಟ್ಟುಕೊಂಡಿದ್ದಾರೆ ಎಂದು ತಿಳಿದಿದ್ದರು. ಅವರೂ ತಿದ್ದಲಿಲ್ಲ. ತಿದ್ದಬೇಕಾದ್ದು ಉಂಟೆಂದೇ ಅವರಿಗೆ ಗೊತ್ತಿರಲಿಲ್ಲ.

೧೯೩೬ರ ಏಪ್ರಿಲ್ ಕೊನೆಯ ವಾರ ಬಾಗಿ ಕಾಣೆಯಾದಳು. ಹೊಟ್ಟೆ ದೊಡ್ಡದಾಗಿತ್ತು, ದಿನ ತುಂಬುತ್ತಾ ಬಂದಿತ್ತು. ಲೂರ್ಡ್ಸ್ ಬಾಯಿ ಮೊದಲು ಗೋದಾಮು ಹುಡುಕಿದರು, ಆಮೇಲೆ ಮೀನು ಮಾರ್ಕೆಟು. ಮರುದಿನ ದೋಣಿ ಹತ್ತಿ ಹೊಳೆಯಾಚೆಯ ಬೆಂಗ್ರೆಗೆ ಹೋಗಿ ಬಲೆ ಒಣಹಾಕಿದಲ್ಲೆಲ್ಲ ಕರೆದು ಬಂದರು. ಕಳೆದದ್ದನ್ನು ಹುಡುಕಿಕೊಡುವ ಸಂತ ಆಂತೋನಿಗೆ ಮೇಣದ ಬತ್ತಿ ಹಚ್ಚಿದರು.

ಮೂರನೆಯ ದಿನ ಅವರಿಗೆ ಹೊಳೆಯಿತು. ಬಾಗಿ ಕಾಣೆಯಾದ ದಿನ ಇಪ್ಪತ್ತೈದು ಖಾಲಿ ಗೋಣಿಗಳ ಒಂದು ಕಟ್ಟು ಮಮ್ಮುವಿನ ಮಂಜಿಗೆ ಹೋಗಿತ್ತು. ಮಂಜಿ ಎಂದರೆ ಹಾಯಿಹಡಗು. ಮಮ್ಮು ಅದರ ತಂಡೇಲ, ಅಂದರೆ ನಡೆಸುವವ. ಮಳೆಗಾಲಕ್ಕೆ ಮೊದಲಿನ ಕೊನೆಯ ಪ್ರಯಾಣಕ್ಕೆ ಉಪ್ಪು ತುಂಬಿ ತರಲು ಚೀಲ ಬೇಕಿತ್ತು. ಅಂಥ ಕಟ್ಟುಗಳ ಮಡಿಕೆಯೊಳಗೆ ಬಾಗಿ ದಿನಾ ಮಧ್ಯಾಹ್ನ ಮಲಗುತ್ತಿದ್ದಳು. ಹಮಾಲರು ಅವಸರ ಮಾಡಿದ್ದರು. ಲೂರ್ಡ್ಸ್ ಬಾಯಿ ಕೈಹಾಕಿ ನೋಡದೆ ಹಗ್ಗ ಬಿಗಿದಿದ್ದರು.

ಇದನ್ನು ಅವರು ಯಾರಿಗೂ ಹೇಳಲಿಲ್ಲ. ಗೋದಾಮಿನ ಗುಮಾಸ್ತ ಬೇರೆ ಬೆಕ್ಕು ತರುತ್ತೇನೆಂದಾಗ, "ಜಾಗ ಖಾಲಿ ಇಲ್ಲ" ಎಂದರು. ಮಣೆಯ ಬಲಕ್ಕೆ ಬಾಗಿಗೆಂದು ಮಡಿಸಿಟ್ಟ ಒಂದು ಗೋಣಿ ಹಾಗೆಯೇ ಇತ್ತು. ಅದರ ಮೇಲೆ ಕೂರಲು ಕಾಗೆಗೂ ಬಿಡಲಿಲ್ಲ.

ಮೇ ತಿಂಗಳ ಮೂರನೆಯ ವಾರ ರತ್ನಗಿರಿಯ ಮುದ್ರೆ ಹೊತ್ತ ಒಂದು ಕಾರ್ಡು ಬಂತು. ಟಪಾಲಿನ ದುಗ್ಗಪ್ಪ ಕಂಕನಾಡಿಯಿಂದ ವರ್ಗವಾಗಿ ಬಂದು ಎಂಟು ದಿನ ಆಗಿತ್ತು. ಓದು ಬಾರದವರೇ ಹೆಚ್ಚಿದ್ದ ಬಂದರಿನಲ್ಲಿ ಕಾರ್ಡನ್ನು ಗಟ್ಟಿಯಾಗಿ ಓದಿಯೇ ಕೊಡುವುದು ವಾಡಿಕೆ. ಅವನು ಹಮಾಲರ ಮಧ್ಯೆ ನಿಂತು ಓದಿದ:

"ಬಾಯಮ್ಮನಿಗೆ ಸಲಾಂ. ಬಾಗಿ ನಮ್ಮ ಮಂಜಿಯಲ್ಲಿ ಉಂಟು. ಕ್ಷೇಮ. ಮೇ ಎರಡಕ್ಕೆ ಮೂರು ಮಕ್ಕಳು ಆದುವು. ಗಾಳಿ ಬೇಗ ಎದ್ದದ್ದರಿಂದ ಮಳೆಗಾಲ ಇಲ್ಲಿಯೇ. ನಮ್ಮ ಜನ ಅವಳನ್ನು ಬಿಡಲಿಕ್ಕೆ ಒಪ್ಪುವುದಿಲ್ಲ. ಬಂದು ಮಾತಾಡುವ. ಮಮ್ಮು."

ಮಮ್ಮುವಿನ ಮನೆಮಾತು ಬ್ಯಾರಿ. ಅದರಲ್ಲಿ ತೊಟ್ಟಿಲಿನ ಮಗುವೂ ಕುಂಞಿ, ಬೆಕ್ಕಿನ ಮರಿಯೂ ಕುಂಞಿ. ಎರಡು ಕ್ಲಾಸು ಕಲಿತ ಕನ್ನಡದಲ್ಲಿ ಅವನಿಗೆ 'ಮರಿ' ಎಂಬ ಶಬ್ದ ನೆನಪಾಗಲಿಲ್ಲ.

ಹಮಾಲರು ಹೊಟ್ಟೆ ಹಿಡಿದು ನಕ್ಕರು. ದುಗ್ಗಪ್ಪ ನಗಲಿಲ್ಲ. ಒಂದು ಹೆಣ್ಣಿನ ಬಾಳಿನ ವಿಷಯಕ್ಕೆ ನಗುವ ಊರು ಎಂಥದ್ದು ಎಂದುಕೊಂಡು ಮುಂದಿನ ಓಣಿಗೆ ಹೋದ. ಅಲ್ಲಿ ಮೊರಿಸ್ ಅವರ ಮನೆಯಲ್ಲಿ ನೀರು ಕುಡಿಯುವಾಗ ಎಲ್ಲವನ್ನೂ ಹೇಳಿದ. ಮೊರಿಸ್ ಅವರು ಇಗರ್ಜಿಯ ಆ ವಾರ್ಡಿನ ಗುರ್ಕಾರ್. ಜಗಳ, ಮದುವೆ, ಮರಣ ಯಾವುದಿದ್ದರೂ ಮೊದಲು ಹೋಗಿ ನಿಲ್ಲಬೇಕಾದ ಹಿರಿಯರು. ಸಂಜೆ ಕೋಟು ಹಾಕಿಕೊಂಡು ಬಂದರು.

"ಲೂರ್ಡ್ಸ್, ವಿಷಯ ತಿಳಿಯಿತು. ಧೈರ್ಯ ತಂದುಕೋ."

"ಧೈರ್ಯ ಉಂಟು ಗುರ್ಕಾರ್ ಮಾಮ್. ಬದುಕಿದ್ದಾಳಲ್ಲ, ಅಷ್ಟು ಸಾಕು."

"ತಂದೆ ಯಾರು, ನಿನಗಾದರೂ ಗೊತ್ತುಂಟಾ?"

"ಹೇಗೆ ಹೇಳುವುದು? ನಾಲ್ಕೈದು ಮಂದಿ ಬರ್ತಿದ್ದರು. ಮೀನು ಮಾರ್ಕೆಟಿನ ಕೆಂಚನ ಮೇಲೆ ನನಗೆ ಸಂಶಯ."

ಗುರ್ಕಾರರು ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟರು.

"ನಿನ್ನ ಕಣ್ಣೆದುರೇ?"

"ಮತ್ತೆ? ಈ ಮಾಡಿನ ಮೇಲೆಯೇ. ಬೊಬ್ಬೆಯೋ ಬೊಬ್ಬೆ. ಒಮ್ಮೆ ತಣ್ಣೀರು ಎರಚಿದೆ."

"ಅವಳಿಗೆ ಬುದ್ಧಿ ಹೇಳಲಿಲ್ಲವಾ ನೀನು?"

"ಅವಳು ಕೇಳ್ತಾಳಾ? ಹೋದ ವರ್ಷ ನಾಲ್ಕು. ಒಂದೊಂದನ್ನು ಒಂದೊಂದು ಮನೆಗೆ ಕೊಟ್ಟೆ. ನಿಮ್ಮ ಗೆರ್ಟ್ರೂಡಳೂ ಬಂದು ಒಂದು ತೆಗೆದುಕೊಂಡು ಹೋದಳಲ್ಲ?"

"ನನ್ನ ಮಗಳಾ?" ಗುರ್ಕಾರರು ಎದ್ದೇ ನಿಂತರು. "ಗೆರ್ಟ್ರೂಡ್ ನಮ್ಮ ಮನೆಗೆ ತಂದದ್ದು ಒಂದು ಬೆಕ್ಕಿನ..."

ಮಡಿಸಿಟ್ಟ ಗೋಣಿಯನ್ನು ನೋಡಿದರು. ಅದರ ತುಂಬ ಬೂದು ರೋಮ ಅಂಟಿಕೊಂಡಿತ್ತು. ಮೆಲ್ಲಗೆ ಕುಳಿತರು. ಹೆಗಲು ಕುಲುಕಲು ಶುರುವಾಯಿತು. ಕಣ್ಣೊರೆಸಿಕೊಳ್ಳಲು ಕರವಸ್ತ್ರ ಸಿಗದೆ ಟೊಪ್ಪಿಯಿಂದಲೇ ಒರೆಸಿಕೊಂಡರು.

"ದುಗ್ಗಪ್ಪ 'ಆದುವು' ಅಂದಾಗಲೇ ಕಿವಿಗೆ ಚುಚ್ಚಿತ್ತು," ಎಂದರು. "ಬರೆದವನ ವ್ಯಾಕರಣ ಸರಿ ಇಲ್ಲ ಅಂದುಕೊಂಡೆ ಮಾರಾಯ್ತಿ. ಅದೊಂದೇ ಸರಿ ಇದ್ದದ್ದು!"

ಲೂರ್ಡ್ಸ್ ಬಾಯಿಯೂ ನಕ್ಕರು, ಆದರೆ ಪೂರ್ತಿ ನಗಲಾಗಲಿಲ್ಲ. ಕಾರ್ಡಿನ ಇನ್ನೊಂದು ವಾಕ್ಯವನ್ನು ಗುರ್ಕಾರರಿಗೆ ತೋರಿಸಿದರು: ನಮ್ಮ ಜನ ಅವಳನ್ನು ಬಿಡಲಿಕ್ಕೆ ಒಪ್ಪುವುದಿಲ್ಲ. ಹಡಗಿನವರ ಆ ನಂಬಿಕೆ ಬಂದರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ತಾನಾಗಿ ಹತ್ತಿದ ಬೆಕ್ಕನ್ನು ಇಳಿಸಿದರೆ ಮಂಜಿಗೆ ಒಳ್ಳೆಯದಾಗುವುದಿಲ್ಲ.

ಆ ಮಳೆಗಾಲ ಗೋದಾಮಿನಲ್ಲಿ ಇಲಿಗಳು ಹಬ್ಬ ಮಾಡಿದವು. ಲೂರ್ಡ್ಸ್ ಬಾಯಿಗೆ ಹೊಲಿಗೆ ಎರಡರಷ್ಟಾಯಿತು.

ಮಂಜಿ ಬಂದದ್ದು ಸೆಪ್ಟೆಂಬರಿನಲ್ಲಿ, ಹೊಸ ತೆನೆಯ ಮೊಂತಿ ಹಬ್ಬ ಕಳೆದ ಮರುವಾರ. ಲೂರ್ಡ್ಸ್ ಬಾಯಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಮಂಜಿಗಳು ನಿಲ್ಲುವ ಧಕ್ಕೆಗೆ ಹೋದರು. ಗುರ್ಕಾರರೂ ಕೋಟು ಹಾಕಿಕೊಂಡು ಬಂದಿದ್ದರು. ಮಂಜಿಯ ಅಂಚಿನಲ್ಲಿ ಬಾಗಿ ಕುಳಿತಿದ್ದಳು, ದಪ್ಪಗಾಗಿ, ಹಡಗಿನ ಧಣಿಯ ಹಾಗೆ.

"ನಾಲ್ಕು ತಿಂಗಳಲ್ಲಿ ಒಂದು ಹಾಯಿಗೂ ಇಲಿ ಬಾಯಿ ಹಾಕಿಲ್ಲ ಬಾಯಮ್ಮ," ಎಂದ ಮಮ್ಮು. ಅವನ ಹಿಂದೆ ಖಲಾಸಿಗಳು ಸಾಲಾಗಿ ನಿಂತಿದ್ದರು. "ತಾನಾಗಿ ಹತ್ತಿದವಳು. ನಾನು ಇಳಿಸುವುದು ಹೇಗೆ? ನೀವೇ ಹೇಳಿ."

ಲೂರ್ಡ್ಸ್ ಬಾಯಿ ಗುರ್ಕಾರರ ಕಡೆ ನೋಡಿದರು, ಹಮಾಲರ ಕಡೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು:

"ತಾನಾಗಿ ಹತ್ತಲಿಲ್ಲ. ನಾನೇ ಕಟ್ಟಿ ಕಳಿಸಿದ್ದು. ಗೋಣಿಯ ಒಳಗೆ ನೋಡದೆ ಹಗ್ಗ ಬಿಗಿದೆ. ತಪ್ಪು ನನ್ನದು. ಕಟ್ಟು ನನ್ನದು, ಗಂಟು ನನ್ನದು, ಬೆಕ್ಕೂ ನನ್ನದು."

ಖಲಾಸಿಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಹೊತ್ತು ತಂದ ಬೆಕ್ಕು ಹತ್ತಿದ ಬೆಕ್ಕಲ್ಲ, ಸರಿ. ಆದರೆ ಮಂಜಿಯಲ್ಲೇ ಹುಟ್ಟಿದ್ದು ಮಂಜಿಯದ್ದು, ಅದೂ ಸರಿ. ಮೂರರಲ್ಲಿ ಎರಡನ್ನು ರತ್ನಗಿರಿಯಲ್ಲೇ ಬೇರೆ ಮಂಜಿಗಳವರು ಬೇಡಿ ಒಯ್ದಿದ್ದರು. ಉಳಿದ ಒಂದು ಮಂಜಿಯಲ್ಲಿರಲಿ, ತಾಯಿ ಇಳಿಯಲಿ ಎಂದಾಯಿತು.

ಬಾಗಿಯನ್ನು ಎತ್ತಿ ಕೊಡುವಾಗ ಮಮ್ಮು ಹಾಯಿ ಕಟ್ಟುವ ಕೂವೆಮರದ ಕಡೆ ತಲೆಯೆತ್ತಿ ಗದರಿದ: "ಏ ಲೂರ್ಡ್ಸ್! ಇಳಿ ಕೆಳಗೆ! ಬೀಳ್ತಿ!"

ಧಕ್ಕೆಯಲ್ಲಿದ್ದವರೆಲ್ಲ ಬಾಯಮ್ಮನ ಕಡೆ ತಿರುಗಿದರು. ಕೂವೆಮರದ ಅರ್ಧದಲ್ಲಿ ಬಿಳಿ ಬಾಲದ ತುದಿಯ ಮರಿಯೊಂದು ಹಗ್ಗಕ್ಕೆ ನೇತುಬಿದ್ದಿತ್ತು.

"ನಿಮ್ಮ ಮರ್ಯಾದೆಗೆ ಇಟ್ಟ ಹೆಸರು ಬಾಯಮ್ಮ," ಎಂದ ಮಮ್ಮು, ಅವರ ಮುಖ ನೋಡಿ ಗಾಬರಿಯಾಗಿ. "ಬೇಡದಿದ್ದರೆ ಬದಲು ಮಾಡ್ತೇನೆ."

ಲೂರ್ಡ್ಸ್ ಬಾಯಿ ಬೆಂಗ್ರೆಯಿಂದಾಚೆಗೆ ನೀರು ದಾಟಿದವರಲ್ಲ. ಅವರು ತಲೆಯೆತ್ತಿ ಮರಿಯನ್ನು ನೋಡಿದರು.

"ಇರಲಿ," ಎಂದರು. "ಒಬ್ಬಳಾದರೂ ಊರು ನೋಡಲಿ."

ಬಾಗಿ ಇಳಿಮಾಡಿಗೆ ಬಂದು, ತನ್ನ ಗೋಣಿಯನ್ನು ಮೂಸಿ, ಎರಡು ಸುತ್ತು ತಿರುಗಿ ಮಲಗಿದಳು. ಅಂದಿನಿಂದ ಗೋಣಿಯ ಕಟ್ಟು ಎತ್ತುವ ಮೊದಲು ಹಮಾಲರು "ಬಾಗಿ ಉಂಟಾ?" ಎಂದು ಕೂಗುತ್ತಿದ್ದರು. ಲೂರ್ಡ್ಸ್ ಬಾಯಿ ಕೈಹಾಕಿ ನೋಡಿ "ಇಲ್ಲ" ಎಂದ ಮೇಲೆಯೇ ಕಟ್ಟು ಹೆಗಲೇರುತ್ತಿತ್ತು.

ಮರುವರ್ಷದ ಮಾರ್ಚಿನಲ್ಲಿ ಇನ್ನೊಂದು ಕಾರ್ಡು ಬಂತು. ದುಗ್ಗಪ್ಪ ಅದನ್ನು ಮೊದಲು ತನ್ನಷ್ಟಕ್ಕೆ ಓದಿದ: "ಲೂರ್ಡ್ಸಿಗೆ ನಾಲ್ಕು ಮಕ್ಕಳು ಆದುವು." ಹಮಾಲರು "ಓದು ಮಾರಾಯ, ಎಂತ ಉಂಟು?" ಎಂದು ಸುತ್ತ ನೆರೆದರು. ಅವನು ಕಾರ್ಡನ್ನು ಅಂಗಿಯೊಳಗೆ ಇಟ್ಟುಕೊಂಡು ನೇರ ಇಳಿಮಾಡಿಗೆ ನಡೆದು, ಬರಹದ ಬದಿಯನ್ನು ಕೆಳಗೆ ಮಾಡಿ ಬಾಯಮ್ಮನ ಕೈಗೆ ಕೊಟ್ಟ.