ಸೊರಗಿದ ಕೂಸಿಗೆ ಸಕ್ಕರೆ

ಗಬ್ಬೂರಿನಲ್ಲಿ ನಾನು ನರ್ಸ್ ಆಗಿದ್ದಾಗ ತಿಂಗಳಿಗೊಮ್ಮೆ ಬೇವಿನ ಟೊಂಗೆಗೆ ತಕ್ಕಡಿ ಕಟ್ಟಿ ಕೂಸುಗಳನ್ನು ತೂಗುತ್ತಿದ್ದೆ. ಮೊದಲ ಸಲವೇ ಒಂದು ಕೂಸನ್ನು, "ಎಷ್ಟು ದುಂಡಗ ಅದವ್ವಾ!" ಎಂದು ಎಲ್ಲರೆದುರು ಹೊಗಳಿಬಿಟ್ಟೆ. ತಾಯಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನೆದರು ಹತ್ತತದ್ರಿ!" ಎಂದು ದೃಷ್ಟಿಗೆ ಹೆದರಿ ಹೋದವಳು ಮತ್ತೆ ಬರಲಿಲ್ಲ.

ಅಂದಿನಿಂದ ನಾನು ಜಾಣೆಯಾದೆ. ದಪ್ಪ ಕೂಸು ಬಂದರೆ, "ಭಾಳ ಸೊರಗ್ಯಾದವ್ವಾ" ಎಂದು ಗಟ್ಟಿಯಾಗಿ ಹೇಳಿ, ಖರೇ ತೂಕ ಸುಮ್ಮನೆ ಬರೆದುಕೊಳ್ಳುತ್ತಿದ್ದೆ. ತಾಯಂದಿರು ನಗುತ್ತಿದ್ದರು, ತಪ್ಪದೆ ಬರುತ್ತಿದ್ದರು.

ಒಂದು ತಿಂಗಳು ಹನುಮವ್ವ ತನ್ನ ಚೊಚ್ಚಲ ಕೂಸನ್ನು ತಂದಳು. ಅಂಗಿ ಬಿಚ್ಚಿದರೆ ಪಕ್ಕೆಲುಬು ಎಣಿಸಬಹುದಿತ್ತು.

"ಹನುಮವ್ವಾ, ಕೂಸು ಭಾಳ ಸೊರಗ್ಯಾದ!"

ಆಕೆಯ ಮುಖ ಅರಳಿತು. "ನಿಮ್ಮ ಬಾಯಾಗ ಸಕ್ರಿ ಹಾಕಬೇಕ್ರಿ, ನರ್ಸಮ್ಮ."

"ಇಲ್ಲವ್ವಾ, ಖರೇನ ಹೇಳಾಕತ್ತೀನಿ!"

ಸುತ್ತಲಿದ್ದ ಹೆಂಗಸರೂ ನಕ್ಕರು. ಊರಿಗೆಲ್ಲ ಆ ಮಾತಿನ ಅರ್ಥ ಕಲಿಸಿದವಳು ನಾನೇ. ಕೂಸನ್ನು ನಾನೇ ಎತ್ತಿಕೊಂಡು, ಆಕೆಯ ಕೈಹಿಡಿದು ರಾಯಚೂರಿನ ದೊಡ್ಡಾಸ್ಪತ್ರೆಗೆಂದು ಬಸ್ ಹತ್ತಿಸಿ, ನಾನೂ ಹತ್ತಿದೆ.

ದಾರಿಯಲ್ಲಿ ಹನುಮವ್ವ ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದಳು: "ದೊಡ್ಡ ಡಾಕ್ಟರಿಗೆ ತೋರಿಸೂವಷ್ಟು ದುಂಡಗ ಆಗ್ಯಾದೇನ್ರಿ?"